ಬೀಗದ ಕೈ ಎಷ್ಟು ಕೈಗಳಲ್ಲಿ?

ಬಾಡಿಗೆ ಫ್ಲ್ಯಾಟಿನ ಮುಂಬಾಗಿಲಿಗೆ ಒಟ್ಟು ಎಷ್ಟು ಬೀಗದ ಕೈಗಳಿವೆ ಎಂಬುದು ಅದರೊಳಗೆ ವಾಸವಿರುವವರಿಗೆ ಗೊತ್ತಿರುವುದು ಅಪರೂಪ. ಮನೆ ಒಪ್ಪಿಸುವ ದಿನ ಮಾಲೀಕರು ಎರಡೋ ಮೂರೋ ಕೀಗಳ ಗೊಂಚಲನ್ನು ಕೈಗಿಡುತ್ತಾರೆ. ಅದಕ್ಕೂ ಮೊದಲು ಅದೇ ಬಾಗಿಲನ್ನು ತೆರೆದವರು ಹಲವರು: ಹಿಂದಿನ ಬಾಡಿಗೆದಾರರು, ಅವರ ಮನೆಗೆಲಸದವರು, ಮನೆ ಖಾಲಿಯಿದ್ದಾಗ ಬಣ್ಣ ಬಳಿದವರು, ದಿನಕ್ಕೆ ನಾಲ್ಕು ಮಂದಿಗೆ ಮನೆ ತೋರಿಸಿದ ಬ್ರೋಕರ್, ಬ್ರೋಕರ್ ಬಾರದ ದಿನ ಆ ಕೆಲಸ ಮಾಡಿದ ವಾಚ್‌ಮನ್. ಇವರಲ್ಲಿ ಹೆಚ್ಚಿನವರು ಪ್ರಾಮಾಣಿಕರೇ ಇರುತ್ತಾರೆ. ಆದರೆ ಮರದ ಕೆಳಗೆ ಕೂತ ಕೀ ಮಾಡುವವನು ಐದು ನಿಮಿಷದಲ್ಲಿ ನಕಲು ತೆಗೆದುಕೊಡುತ್ತಾನೆ, ಅಸಲಿ ಕೀ ಮರಳಿ ಬಂದಮೇಲೆ ನಕಲು ಇದೆಯೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ಸ್ವಂತ ಮನೆಯವರು ಬೀಗ ಎಷ್ಟು ಗಟ್ಟಿ ಎಂದು ಕೇಳಿಕೊಂಡರೆ ಸಾಕು. ಬಾಡಿಗೆ ಮನೆಯವರು ಅದಕ್ಕೂ ಮುಂಚೆ ಕೀಗಳ ಲೆಕ್ಕ ನೋಡಬೇಕು.

ಎರಡನೆಯ ತೊಡಕು, ಬಾಗಿಲು ಬಾಡಿಗೆದಾರರದ್ದಲ್ಲ. ಬೆಂಗಳೂರಿನಲ್ಲಿ ಐದರಿಂದ ಹತ್ತು ತಿಂಗಳ ಬಾಡಿಗೆಯಷ್ಟು ಹಣ ಅಡ್ವಾನ್ಸ್ ರೂಪದಲ್ಲಿ ಮಾಲೀಕರ ಬಳಿ ಕೂತಿರುತ್ತದೆ. ಗೋಡೆಗೊಂದು ಮೊಳೆ ಹೊಡೆಯಲೂ ಜನ ಹಿಂದೆಮುಂದೆ ನೋಡುವುದು ಇದೇ ಕಾರಣಕ್ಕೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಆ ಗೋಜು ತಪ್ಪಿಸಲು ಕರಾರುಗಳು ಹನ್ನೊಂದು ತಿಂಗಳಿಗೆ ನಿಲ್ಲುತ್ತವೆ. ಹನ್ನೊಂದು ತಿಂಗಳ ಮನೆಗೆ ಖರ್ಚು ಯಾಕೆ ಎಂಬ ಭಾವನೆಯೂ ಅಲ್ಲೇ ಬೇರೂರುತ್ತದೆ. ಕಾನೂನಾದರೋ ಅಷ್ಟು ಬಿಗಿಯಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು ಎನ್ನುತ್ತದೆ, ಸಹಜ ಸವಕಳಿಯನ್ನು ಮನ್ನಿಸುತ್ತದೆ. ತಾನು ಜೋಡಿಸಿದ್ದನ್ನು ಮನೆ ಬಿಡುವ ಮುನ್ನ ಬಿಚ್ಚಿಕೊಂಡು ಹೋಗಲು ಬಿಡುತ್ತದೆ. ಹಾಗಾಗಿ ಬಿಚ್ಚಿ ಮೊದಲಿನಂತೆ ಮಾಡಬಹುದಾದ ಯಾವ ಬದಲಾವಣೆಗೂ ಅಂಜಬೇಕಿಲ್ಲ. ಮಾಲೀಕರಿಗೆ ವಾಟ್ಸ್ಆ್ಯಪ್‌ನಲ್ಲಿ ಎರಡು ಸಾಲು ಬರೆದು ಒಪ್ಪಿಗೆ ಪಡೆದಿಟ್ಟರೆ ಮುಂದೆ ಅಡ್ವಾನ್ಸ್ ವಾಪಸಾಗುವ ಹೊತ್ತಿನ ಜಗಳವೂ ತಪ್ಪುತ್ತದೆ.

ಮೊದಲ ಬದಲಾವಣೆ ಬೀಗದ್ದು. ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಕಟ್ಟಿದ ಅಪಾರ್ಟ್‌ಮೆಂಟುಗಳ ಮುಂಬಾಗಿಲಿಗೆ ಹೆಚ್ಚಾಗಿ ಮಾರ್ಟಿಸ್ ಲಾಕ್ ಇರುತ್ತದೆ: ಬೀಗದ ಪೆಟ್ಟಿಗೆ ಬಾಗಿಲ ಹಲಗೆಯೊಳಗೆ ಹುದುಗಿದ್ದು, ಹೊರಗೆ ಹಿಡಿಕೆ ಮತ್ತು ಕೀ ತೂರುವ ಸಿಲಿಂಡರ್ ಮಾತ್ರ ಕಾಣುತ್ತದೆ. ಇಡೀ ಬೀಗದಲ್ಲಿ ಕೀಯನ್ನು ಗುರುತಿಸುವ ಭಾಗ ಆ ಸಿಲಿಂಡರ್ ಒಂದೇ. ಅದರೊಳಗೆ ಸ್ಪ್ರಿಂಗಿನ ಮೇಲೆ ಕೂತ ಸಣ್ಣ ಪಿನ್ನುಗಳ ಸಾಲಿದೆ. ಸರಿಯಾದ ಕೀಯ ಏರುತಗ್ಗುಗಳು ಪಿನ್ನುಗಳನ್ನೆಲ್ಲ ಒಂದೇ ಗೆರೆಗೆ ತಂದಾಗ ಮಾತ್ರ ಒಳಗಿನ ಉರುಳೆ ತಿರುಗುತ್ತದೆ. ಅಮೆರಿಕದ ಲೈನಸ್ ಯೇಲ್ 1860ರ ದಶಕದಲ್ಲಿ ರೂಪ ಕೊಟ್ಟ ಈ ವ್ಯವಸ್ಥೆಯ ಮೂಲ ಉಪಾಯ ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲೇ ಇತ್ತು. ಮುಂಬೈಯಲ್ಲಿ ಅರ್ದೇಶಿರ್ ಗೋದ್ರೇಜ್ 1897ರಲ್ಲಿ ಬೀಗ ತಯಾರಿಕೆಗೆ ಕೈಹಾಕಿದ ಮೇಲೆ ಕಾರ್ಖಾನೆಯ ಬೀಗ ಭಾರತದ ಮನೆಗಳಿಗೂ ಬಂತು. ಅಂದಹಾಗೆ ಬೆಂಗಳೂರಿನವರು ಬೀಗ ಹಾಕಿದರೆ ಧಾರವಾಡದವರು ಕೀಲಿ ಹಾಕುತ್ತಾರೆ. ಅಲ್ಲಿಂದ ಬಂದ ಬಾಡಿಗೆದಾರರು ‘ಕೀಲಿ ಬದಲಿಸ್ತೀವಿ’ ಎಂದರೆ ಮಾಲೀಕರು ಕೀ ಮಾತ್ರ ಎಂದುಕೊಳ್ಳುವ ಸಾಧ್ಯತೆ ಇದೆ.

ಬೀಗದ ಪೆಟ್ಟಿಗೆ, ಹಿಡಿಕೆ, ಬಾಗಿಲು ಯಾವುದನ್ನೂ ಮುಟ್ಟದೆ ಸಿಲಿಂಡರನ್ನಷ್ಟೇ ಬದಲಿಸಬಹುದು ಎಂಬುದು ಬಾಡಿಗೆದಾರರ ಪಾಲಿಗೆ ದೊಡ್ಡ ಅನುಕೂಲ. ಬಾಗಿಲು ತೆರೆದು ಅದರ ದಪ್ಪದ ಅಂಚನ್ನು ನೋಡಿದರೆ ಲೋಹದ ಪಟ್ಟಿಯ ಮೇಲೆ, ಸಿಲಿಂಡರಿನ ನೇರಕ್ಕೆ, ಒಂದು ಸ್ಕ್ರೂ ಕಾಣುತ್ತದೆ. ಅದನ್ನು ಪೂರ್ತಿ ಬಿಚ್ಚಿ, ಕೀ ಹಾಕಿ ತುಸು ತಿರುಗಿಸಿದರೆ ಸಿಲಿಂಡರಿನ ನಡುವಿನ ಹಲ್ಲು ಒಳಸರಿದು ಇಡೀ ಸಿಲಿಂಡರ್ ಜಾರಿ ಹೊರಬರುತ್ತದೆ. ಹೊಸದು ಕೊಳ್ಳುವಾಗ ಅಳತೆ ಮುಖ್ಯ. ಸ್ಕ್ರೂ ತೂತಿನ ಮಧ್ಯದಿಂದ ಎರಡೂ ತುದಿಗಳಿಗೆ ಬೇರೆಬೇರೆಯಾಗಿ ಅಳೆಯಬೇಕು; ಒಟ್ಟು 60 ಅಥವಾ 70 ಮಿಲಿಮೀಟರ್ ಸಾಮಾನ್ಯ, ಆದರೆ ಎರಡು ಪಾರ್ಶ್ವಗಳು ಸಮ ಇರಲೇಬೇಕೆಂದಿಲ್ಲ. ಹಳೆಯದನ್ನೇ ಅಂಗಡಿಗೆ ಒಯ್ಯುವುದು ಇನ್ನೂ ಸುಲಭ, ಅಷ್ಟು ಹೊತ್ತು ಮನೆಯಲ್ಲಿ ಒಬ್ಬರು ಕಾವಲಿದ್ದರಾಯಿತು. ಹೊರಗಡೆ ಸಿಲಿಂಡರ್ ಲೋಹದ ತಟ್ಟೆಯಿಂದ ಮೂರು ಮಿಲಿಮೀಟರಿಗಿಂತ ಹೆಚ್ಚು ಚಾಚಿರಬಾರದು. ಚಾಚಿದರೆ ಇಕ್ಕಳಕ್ಕೆ ಹಿಡಿತ ಸಿಕ್ಕಿ, ಸ್ಕ್ರೂ ತೂತಿರುವ ಸಪೂರ ಜಾಗದಲ್ಲಿ ಅದು ಮುರಿಯುತ್ತದೆ. ಒಳಬದಿಗೆ ಕೀಯ ಬದಲು ತಿರುಗಿಸುವ ಗುಂಡಿ ಇರುವ ಬಗೆ ಮೇಲು. ನಡುರಾತ್ರಿ ಹೊಗೆ ತುಂಬಿದಾಗ ಕೀ ಹುಡುಕುವ ಪ್ರಮೇಯ ಬಾರದು. ಅಂಗಡಿಯವರು ‘ಕಂಪ್ಯೂಟರ್ ಕೀ’ ಎಂದು ಕರೆಯುವ, ಹಲ್ಲಿನ ಬದಲು ಕುಳಿಗಳಿರುವ ಕೀಗೆ ಕಂಪ್ಯೂಟರಿನ ಸಂಬಂಧವೇನೂ ಇಲ್ಲ. ಬೀದಿಬದಿಯಲ್ಲಿ ನಕಲು ಮಾಡುವುದು ಕಷ್ಟ ಎಂಬುದೇ ಅದರ ಹೆಚ್ಚುಗಾರಿಕೆ. ಕಿತ್ತ ಸಿಲಿಂಡರನ್ನು ಅದರ ಕೀಗಳ ಸಮೇತ ಡಬ್ಬಿಯೊಂದರಲ್ಲಿ ಜೋಪಾನ ಮಾಡಬೇಕು, ಅದು ಮಾಲೀಕರ ಸೊತ್ತು. ಹೊಸ ಬೀಗದ ಒಂದು ಕೀ ತಮಗೂ ಬೇಕೆಂದು ಮಾಲೀಕರು ಕೇಳಿದರೆ, ಮುಚ್ಚಿದ ಲಕೋಟೆಯಲ್ಲಿಟ್ಟು ಅಂಟಿನ ಮೇಲೆ ಸಹಿ ಮಾಡಿ ಕೊಡುವ ಪದ್ಧತಿ ಇಬ್ಬರಿಗೂ ಒಪ್ಪಿಗೆಯಾಗುತ್ತದೆ.

30x40 ನಿವೇಶನದಲ್ಲಿ ಮೂರು ನಾಲ್ಕು ಅಂತಸ್ತು ಏರಿಸಿದ ಕಟ್ಟಡಗಳ ಬಾಡಿಗೆ ಮನೆಗಳದ್ದು ಬೇರೆ ಸಂಗತಿ. ಅಲ್ಲಿ ಕಾವಲುಗಾರನಿಲ್ಲ, ಬಾಗಿಲಿಗೆ ಎಷ್ಟೋ ಕಡೆ ಹೊರಚಿಲಕ ಮತ್ತು ನೇತುಬೀಗ ಅಷ್ಟೇ. ನೇತುಬೀಗ ಎಷ್ಟೇ ಭಾರದ್ದಾಗಿರಲಿ, ಅದು ನೇತಾಡುವ ಕೊಂಡಿ ಅರ್ಧ ಇಂಚಿನ ಸ್ಕ್ರೂಗಳಿಂದ ಮರಕ್ಕೆ ಅಂಟಿಕೊಂಡಿರುತ್ತದೆ. ಕಳ್ಳ ಬೀಗದ ತಂಟೆಗೇ ಹೋಗುವುದಿಲ್ಲ, ಸಲಾಕೆಯಿಂದ ಕೊಂಡಿಯನ್ನು ಮೀಟುತ್ತಾನೆ. ಅದಕ್ಕಿಂತ ಕೆಟ್ಟದ್ದು, ನೇತಾಡುವ ಬೀಗ ಮನೆಯಲ್ಲಿ ಯಾರೂ ಇಲ್ಲ ಎಂದು ಬೀದಿಗೆಲ್ಲ ಸಾರುತ್ತದೆ. ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ಹೊರಗಿನಿಂದ ತಿಳಿಯದಂಥ ಬೀಗ ಬೇಕು. ಬಾಗಿಲ ಒಳಮೈಗೆ ಕೂರಿಸುವ, ಎರಡೂ ಕಡೆಯಿಂದ ತೆರೆಯಬಹುದಾದ ಲಾಕ್ ಈ ಕೆಲಸ ಮಾಡುತ್ತದೆ. ಅದಕ್ಕೆ ಬಾಗಿಲಲ್ಲಿ ತೂತು ಕೊರೆಯಬೇಕಾದ್ದರಿಂದ ಮಾಲೀಕರ ಒಪ್ಪಿಗೆ ಬೇಕು, ಖರ್ಚು ಹಂಚಿಕೊಳ್ಳಲು ಕೇಳುವುದರಲ್ಲಿ ತಪ್ಪಿಲ್ಲ, ಬೀಗ ಹೇಗೂ ಮನೆಯಲ್ಲೇ ಉಳಿಯುತ್ತದೆ. ಬಡಗಿಗಳು ಆಲ್ಡ್ರಾಪ್ ಎನ್ನುವ ಹೊರಚಿಲಕದಿಂದ ಇನ್ನೊಂದು ಅಪಾಯವಿದೆ. ಒಂದು ಮನೆಗೆ ನುಗ್ಗುವ ಮುನ್ನ ಅಕ್ಕಪಕ್ಕದ ಮನೆಗಳ ಹೊರಚಿಲಕ ಹಾಕಿ ಯಾರೂ ಈಚೆ ಬಾರದಂತೆ ಮಾಡುವುದು ಕಳ್ಳರ ಹಳೆಯ ಉಪಾಯ. ಮಲಗುವ ಮುನ್ನ ಆ ಚಿಲಕ ಸರಿಯದಂತೆ ಅದಕ್ಕೊಂದು ಪುಟ್ಟ ಬೀಗ ಸಿಕ್ಕಿಸಿಟ್ಟರೆ ಆ ಉಪಾಯ ನಡೆಯದು.

ಬೀಗ ಎಷ್ಟೇ ಒಳ್ಳೆಯದಿದ್ದರೂ ಅದರ ನಾಲಿಗೆ ಹೋಗಿ ಕೂರುವುದು ಚೌಕಟ್ಟಿನ ತೂತಿನಲ್ಲಿ. ಆ ತೂತಿನ ಸುತ್ತ ಹೊಡೆದ ತೆಳು ತಗಡನ್ನು ಹಿಡಿದಿರುವುದು ಹೆಚ್ಚಿನ ಮನೆಗಳಲ್ಲಿ ಎರಡು ಗಿಡ್ಡ ಸ್ಕ್ರೂಗಳು. ಜೋರಾಗಿ ಒದ್ದಾಗ ಮೊದಲು ಸೋಲುವುದು ಇದೇ. ಎರಡು ಎರಡೂವರೆ ಇಂಚಿನ ಸ್ಕ್ರೂಗಳನ್ನು ಹಾಕಿ ಚೌಕಟ್ಟಿನ ಮರದ ಆಳಕ್ಕೆ ಇಳಿಸಿದರೆ ಬಾಗಿಲ ತಾಳಿಕೆ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಖರ್ಚು ಐವತ್ತು ರೂಪಾಯಿ ಆಗಲಿಕ್ಕಿಲ್ಲ, ಹೊರಗೆ ಗುರುತೂ ಕಾಣದು. ಬಾಗಿಲ ಕೀಲುಗಳಿಗೂ ಇದೇ ಮಾತು. ಬೆರಳಿನಿಂದ ತಟ್ಟಿದಾಗ ಡೋಲಿನಂತೆ ಸದ್ದಾಗುವ ಪೊಳ್ಳು ಹಲಗೆಯ ಬಾಗಿಲಾಗಿದ್ದರೆ ಮಾತ್ರ ಬೀಗಕ್ಕೆ ಹಣ ಸುರಿಯುವುದು ದಂಡ. ಅಂಥ ಮನೆಗೆ ಸೇಫ್ಟಿ ಡೋರ್ ಹಾಕಿಸಿಕೊಡಿ ಎಂದು ಕರಾರಿಗೆ ಮುನ್ನವೇ ಕೇಳುವುದು ಒಳ್ಳೆಯದು, ಸಹಿ ಬಿದ್ದ ಮೇಲೆ ಕೇಳಿದರೆ ಕಿವಿಗೊಡುವವರು ಕಡಿಮೆ.

ಮುಂಬಾಗಿಲ ಬಗ್ಗೆ ಇಷ್ಟು ಯೋಚಿಸುವ ಕುಟುಂಬಗಳು ಯುಟಿಲಿಟಿಯ ಬಾಗಿಲನ್ನು ಮರೆಯುತ್ತವೆ. ವಾಷಿಂಗ್ ಮೆಷಿನ್ ಇಟ್ಟ ಆ ಕಿರಿದಾದ ಜಾಗ ಸಾಮಾನ್ಯವಾಗಿ ಡಕ್ಟ್ ಕಡೆಗೆ ತೆರೆದಿರುತ್ತದೆ, ಡಕ್ಟ್‌ನಲ್ಲಿ ನೆಲದಿಂದ ಟೆರೇಸಿನವರೆಗೆ ಕೊಳವೆಗಳು ಏಣಿಯಂತೆ ನಿಂತಿರುತ್ತವೆ. ನೆಲಮಹಡಿ, ಮೊದಲ ಮಹಡಿಗಳಂತೆಯೇ ಕಟ್ಟಕಡೆಯ ಮಹಡಿಯೂ ಸುಲಭದ ತುತ್ತು. ಕೆಳಗಿನಿಂದ ಹತ್ತುವುದರಷ್ಟೇ ಟೆರೇಸಿನಿಂದ ಇಳಿಯುವುದೂ ಸಾಧ್ಯ. ಬಾಲ್ಕನಿಯ ಜಾರುವ ಗಾಜಿನ ಬಾಗಿಲಿಗೆ ಕಂಪನಿಯವರು ಕೊಡುವ ಕೊಕ್ಕೆ ದುರ್ಬಲ. ಒಳಗಿನ ಹಳಿಯ ಅಳತೆಗೆ ಸರಿಯಾಗಿ ಕತ್ತರಿಸಿದ ಒಂದು ಕೋಲನ್ನು ಅಡ್ಡ ಇಟ್ಟರೆ ಕೊಕ್ಕೆ ಮುರಿದರೂ ಬಾಗಿಲು ಸರಿಯದು. ಇದಕ್ಕಿಂತ ಅಗ್ಗದ, ಇದಕ್ಕಿಂತ ಪರಿಣಾಮಕಾರಿಯಾದ ಉಪಾಯ ಬಾಡಿಗೆ ಮನೆಗೆ ಇನ್ನೊಂದಿಲ್ಲ.

ಗ್ರಿಲ್ ವಿಚಾರದಲ್ಲಿ ಮಾತ್ರ ಅವಸರ ಸಲ್ಲದು. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟೊಂದಕ್ಕೆ ಬೆಂಕಿ ಬಿದ್ದಾಗ ಗ್ರಿಲ್ ಹಾಕಿದ್ದ ಬಾಲ್ಕನಿಯಿಂದ ಈಚೆ ಬರಲಾಗದೆ ತಾಯಿ, ಮಗಳು ಇಬ್ಬರೂ ಸತ್ತರು. ಕಳ್ಳನನ್ನು ತಡೆಯುವ ಸರಳು ಒಳಗಿದ್ದವರನ್ನೂ ತಡೆಯುತ್ತದೆ. ಬಾಲ್ಕನಿಗೆ ಗ್ರಿಲ್ ಇರುವ ಮನೆಯಲ್ಲಿ ಒಂದು ಪಾಲಾದರೂ ಕೀಲಿನ ಮೇಲೆ ತೆರೆದುಕೊಳ್ಳುವಂತಿರಬೇಕು. ಅದರ ಬೀಗದ ಕೈ ಹೊರಗಿನ ಕೈಗೆ ಎಟುಕದ, ಮನೆಯವರಿಗೆಲ್ಲ ಕತ್ತಲಲ್ಲೂ ಸಿಗುವ ಒಂದೇ ಜಾಗದಲ್ಲಿ ಸದಾ ನೇತಾಡುತ್ತಿರಬೇಕು.

ಕನ್ನ ಹಾಕುವವರು ಹುಡುಕುವುದು ಹೆಚ್ಚಾಗಿ ಖಾಲಿ ಮನೆಯನ್ನು. ಖಾಲಿತನ ತನ್ನನ್ನು ತಾನೇ ಹೇಳಿಕೊಳ್ಳುವ ಬಗೆಗಳು ಹಲವು. ಬಾಗಿಲಲ್ಲಿ ಎರಡು ದಿನದ ಪೇಪರ್, ತೆಗೆಯದ ಹಾಲಿನ ಪ್ಯಾಕೆಟ್, ಚಿಲಕಕ್ಕೆ ಸಿಕ್ಕಿಸಿದ ಕರಪತ್ರ ಯಾವ ಊರಿನಲ್ಲಾದರೂ ಸಿಗುವ ಸುಳಿವುಗಳು. ಕರ್ನಾಟಕದ ಬೀದಿಗಳಲ್ಲಿ ಇನ್ನೊಂದಿದೆ: ಸಾಲುಮನೆಗಳ ಮುಂದೆಲ್ಲ ಬೆಳಗಿನ ರಂಗೋಲಿ ಇದ್ದು ಒಂದು ಹೊಸ್ತಿಲು ಮಾತ್ರ ಬರಿದಾಗಿದ್ದರೆ ನೋಡುವವರಿಗೆ ಅಷ್ಟೇ ಸಾಕು. ಹಗಲಿಡೀ ಉರಿಯುವ ಹೊರದೀಪವೂ ಹಾಗೆಯೇ. ಊರಿಗೆ ಹೋಗುವಾಗ ದೀಪ ಹಾಕಿಟ್ಟು ಹೋಗುವವರು ರಾತ್ರಿಯನ್ನು ಮಾತ್ರ ಲೆಕ್ಕ ಹಾಕಿರುತ್ತಾರೆ. ಸಂಜೆ ಹೊತ್ತಿ ರಾತ್ರಿ ಆರುವಂತೆ ಹೊಂದಿಸಬಹುದಾದ ಸ್ಮಾರ್ಟ್ ಪ್ಲಗ್ ಅಥವಾ ಟೈಮರ್ ಇದಕ್ಕೆ ತಕ್ಕ ಪರಿಹಾರ. ದಸರೆಯ ರಜೆಗೋ ಊರಹಬ್ಬಕ್ಕೋ ಹೊರಟವರು ಪೇಪರ್, ಹಾಲು ನಿಲ್ಲಿಸಿ, ಪಕ್ಕದ ಮನೆಯವರಿಗೂ ಬೀಟ್ ಪೊಲೀಸರಿಗೂ ತಿಳಿಸಿ ಹೋಗುವುದು ಕ್ರಮ. ಪ್ರವಾಸದ ಫೋಟೊಗಳನ್ನು ಮರಳಿ ಬಂದ ಮೇಲೆ ಹಾಕಿದರೂ ಲೈಕುಗಳೇನೂ ಕಡಿಮೆಯಾಗವು. ಇನ್ನು ಕೀಯನ್ನು ಕಾಲೊರಸಿನ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಶೂ ಒಳಗೆ, ಹೂಕುಂಡದಲ್ಲಿ, ಮೀಟರ್ ಬಾಕ್ಸಿನ ಮೇಲೆ ಬಚ್ಚಿಡುವ ಅಭ್ಯಾಸದ ಬಗ್ಗೆ ಹೇಳುವುದೇನಿದೆ! ಮನೆಯವರಿಗೆ ಹೊಳೆದ ಜಾಗ ಕಳ್ಳನಿಗೂ ಹೊಳೆಯುತ್ತದೆ. ಈ ಅಭ್ಯಾಸಕ್ಕೆ ಇನ್ನೊಂದು ದಂಡವೂ ಉಂಟು, ಅದು ವಿಮೆಯ ಮಾತು ಬಂದಾಗ.

ಡ್ರಿಲ್ ಮುಟ್ಟದೆ ಅಳವಡಿಸಬಹುದಾದ ವಿದ್ಯುನ್ಮಾನ ಸಾಧನಗಳು ಈಗ ಬೇಕಾದಷ್ಟಿವೆ. ಬಾಗಿಲಿಗೊಂದು, ಚೌಕಟ್ಟಿಗೊಂದು ತುಂಡನ್ನು ಟೇಪಿನಿಂದ ಅಂಟಿಸುವ ಸೆನ್ಸರ್‌ನಲ್ಲಿ ಒಂದರೊಳಗೆ ಅಯಸ್ಕಾಂತವಿದೆ. ಬಾಗಿಲು ತೆರೆದು ಅಯಸ್ಕಾಂತ ದೂರ ಸರಿದ ಕ್ಷಣ ಫೋನಿಗೆ ಸೂಚನೆ ಹೋಗುತ್ತದೆ ಅಥವಾ ಅಲಾರಂ ಕೂಗುತ್ತದೆ. ಬಾಗಿಲ ಬುಡಕ್ಕೆ ಒಳಗಿನಿಂದ ಸಿಕ್ಕಿಸುವ ಬೆಣೆಯಾಕಾರದ ಅಲಾರಂ ಒಬ್ಬರೇ ವಾಸಿಸುವವರಿಗೆ ರಾತ್ರಿಯ ಧೈರ್ಯ. ಬಾಗಿಲ ಪೀಪ್‌ಹೋಲ್ ತೂತಿನಲ್ಲೇ ಹಳೆಯ ಗಾಜು ತೆಗೆದು ಕೂರಿಸುವ ಕ್ಯಾಮೆರಾ ಮನೆ ಬಿಡುವಾಗ ಮತ್ತೆ ಬಿಚ್ಚಿ ಬರುತ್ತದೆ. ಇವುಗಳಲ್ಲಿ ಫೋನಿಗೆ ಸೂಚನೆ ಕಳಿಸುವಂಥವಕ್ಕೆ ಸಾಮಾನ್ಯವಾಗಿ ವೈಫೈ ಬೇಕು, ವೈಫೈಗೆ ಕರೆಂಟು ಬೇಕು. ಕರೆಂಟು ಹೋದ ಒಂದು ಗಂಟೆ ಕ್ಯಾಮೆರಾ ಕುರುಡಾಗದಿರಲು ರೂಟರಿಗೆ ಒಂದು ಸಣ್ಣ ಯುಪಿಎಸ್ ಜೋಡಿಸಬೇಕು. ಬೆರಳಚ್ಚಿನ ಡಿಜಿಟಲ್ ಲಾಕ್‌ಗೆ ಈಗ ಮೋಹ ಹೆಚ್ಚು. ಕೀಗಳ ಲೆಕ್ಕದ ತಲೆನೋವು ಅದರಿಂದ ತಪ್ಪುತ್ತದೆ ಎಂಬುದು ನಿಜ: ಕೆಲಸದವರಿಗೆ ಕೊಟ್ಟ ಪಾಸ್‌ಕೋಡನ್ನು ಅವರು ಕೆಲಸ ಬಿಟ್ಟ ದಿನವೇ ಅಳಿಸಬಹುದು. ಆದರೆ ಹೆಚ್ಚಿನವುಗಳಿಗೆ ಬಾಗಿಲನ್ನು ಹೊಸದಾಗಿ ಕೊರೆಯಬೇಕಾಗುತ್ತದೆ, ಪಾತ್ರೆ ತೊಳೆದು ಸವೆದ ಬೆರಳನ್ನು ಅವು ಗುರುತಿಸದೆ ಸತಾಯಿಸುವುದೂ ಉಂಟು. ವರ್ಷ ಎರಡು ವರ್ಷದ ವಾಸಕ್ಕೆ ಒಳ್ಳೆಯ ಸಿಲಿಂಡರ್ ಒಂದೇ ಸಾಕಾಗುತ್ತದೆ.

ಕ್ಯಾಮೆರಾ ಕೊಂಡವರು ಮೊದಲು ಮಾಡಬೇಕಾದದ್ದು ಅದರ ಜೊತೆ ಬಂದ ಪಾಸ್‌ವರ್ಡ್ ಬದಲಿಸುವುದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡದ್ದು ಅವುಗಳ ಮಾಲೀಕರು ಕಾರ್ಖಾನೆಯ ಪಾಸ್‌ವರ್ಡನ್ನು ಹಾಗೆಯೇ ಬಿಟ್ಟಿದ್ದರಿಂದ. ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ 2025ರ ಏಪ್ರಿಲ್‌ನಿಂದ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ. ಅದಕ್ಕೆ ಹಿಂದಿನ ದಾಸ್ತಾನು, ಹೆಸರಿಲ್ಲದ ಸರಕು ಎರಡರಿಂದಲೂ ದೂರವಿರುವುದು ಕ್ಷೇಮ. ಕ್ಯಾಮೆರಾ ಎತ್ತ ನೋಡುತ್ತದೆ ಎಂಬುದೂ ಅಷ್ಟೇ ಮುಖ್ಯ. ಅಪಾರ್ಟ್‌ಮೆಂಟಿನ ಓಣಿಯಲ್ಲಿ ಎದುರುಬದುರು ಬಾಗಿಲುಗಳು. ಒಬ್ಬರ ಕಾವಲು ಇನ್ನೊಬ್ಬರ ಹಾಲ್‌ನೊಳಗೆ ಇಣುಕುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಓಣಿಯ ಜಗಳ ಅಲ್ಲಿಯವರೆಗೆ ಹೋಗಬೇಕಿಲ್ಲ, ಕ್ಯಾಮೆರಾವನ್ನು ಸ್ವಂತ ಹೊಸ್ತಿಲಿನತ್ತ ಬಾಗಿಸಿ, ಎದುರು ಮನೆಯವರಿಗೆ ಒಮ್ಮೆ ಅದರ ದೃಶ್ಯ ತೋರಿಸಿದರೆ ಮುಗಿಯಿತು.

ಕಾವಲುಗಾರರಿರುವ ಅಪಾರ್ಟ್‌ಮೆಂಟಿನಲ್ಲಿ ಭದ್ರತೆ ಗೇಟಿನಲ್ಲೇ ಮುಗಿಯಿತು ಎಂಬ ಭ್ರಮೆ ಬಲವಾಗಿದೆ. ಬಂದವರ ಹೆಸರು ಫೋನಿಗೆ ಬಂದು ಒಪ್ಪಿಗೆ ಕೇಳುವ ಆ್ಯಪ್‌ಗಳು ಹೊರೆ ಇಳಿಸಿವೆ, ಸರಿ. ಆದರೆ ದಿನಕ್ಕೆ ಹತ್ತು ಸಲ ಟಣ್ ಎನ್ನುವ ಫೋನಿಗೆ ನೋಡದೆಯೇ ಒಪ್ಪಿಗೆ ಒತ್ತುವುದು ರೂಢಿಯಾದಾಗ ಆ್ಯಪ್ ಇದ್ದೂ ಇಲ್ಲದಂತೆ. ಹಿಂದಿನ ಬಾಡಿಗೆದಾರರ ಹೆಸರು ಅದೇ ಫ್ಲ್ಯಾಟ್ ನಂಬರಿನಡಿ ಇನ್ನೂ ಉಳಿದಿದೆಯೇ ಎಂದು ಅಸೋಸಿಯೇಷನ್ ಕಚೇರಿಯಲ್ಲಿ ಕೇಳುವುದನ್ನು ಹೊಸಬರು ಮರೆಯುತ್ತಾರೆ, ಅದೂ ಒಂದು ಬಗೆಯ ಹಳೆಯ ಕೀಯೇ. ಮನೆಗೆಲಸದವರ ಮೇಲೆ ಕಾರಣವಿಲ್ಲದೆ ಅನುಮಾನಪಡುವುದು ಅನ್ಯಾಯ, ಅದರಿಂದ ಪ್ರಯೋಜನವೂ ಇಲ್ಲ. ಬೀರುವಿನ ಕೀಯನ್ನು ಬೀರುವಿನಲ್ಲೇ ಬಿಟ್ಟು, ಚಿನ್ನವನ್ನು ಟೇಬಲ್ ಮೇಲಿಟ್ಟು ಆಮೇಲೆ ಜನರನ್ನು ಶಂಕಿಸುವ ಮನೆಯಲ್ಲಿ ತಪ್ಪು ಯಾರದು ಎಂದು ಬಿಡಿಸಿ ಹೇಳಬೇಕಿಲ್ಲ.

ಚಿನ್ನದ ಜಾಗ ಬಾಡಿಗೆ ಮನೆಯಲ್ಲ. ಬ್ಯಾಂಕ್ ಲಾಕರಿನಲ್ಲಿಟ್ಟದ್ದು ಬೆಂಕಿ, ಕಳವು, ದರೋಡೆ ಅಥವಾ ಸಿಬ್ಬಂದಿಯ ವಂಚನೆಯಿಂದ ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಲಾಕರ್ ಬಾಡಿಗೆಯ ನೂರು ಪಟ್ಟು ಎಂದು ರಿಸರ್ವ್ ಬ್ಯಾಂಕ್ 2022ರ ಜನವರಿಯಿಂದ ಜಾರಿಯಾದ ನಿಯಮದಲ್ಲಿ ಹೇಳಿದೆ. ಬಾಡಿಗೆ ಎರಡು ಸಾವಿರವಾದರೆ ಎರಡು ಲಕ್ಷ. ಇಟ್ಟದ್ದು ಹತ್ತು ಲಕ್ಷದ್ದಾದರೆ ಉಳಿದದ್ದಕ್ಕೆ ವಿಮೆಯೇ ಗತಿ. ಮನೆ ಸ್ವಂತದ್ದಲ್ಲದಿದ್ದರೂ ಒಳಗಿನ ಸಾಮಾನಿಗೆ ಮಾತ್ರ ವಿಮೆ ಮಾಡಿಸಬಹುದು ಎಂಬುದು ಬಹಳ ಬಾಡಿಗೆದಾರರಿಗೆ ತಿಳಿಯದು. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯ ಹೆಸರು ನೋಡಿ ಕಳ್ಳತನವೂ ಅದರಲ್ಲಿ ಸೇರಿದೆ ಎಂದುಕೊಳ್ಳಬಾರದು. ಅದು ಮುಖ್ಯವಾಗಿ ಬೆಂಕಿ, ನೆರೆ, ಭೂಕಂಪಗಳಿಗೆ. ಅಂಥ ಅನಾಹುತವಾದ ಏಳು ದಿನಗಳೊಳಗೆ ನಡೆದ ಕಳವು ಮಾತ್ರ ಅದರ ವ್ಯಾಪ್ತಿಗೆ ಬರುತ್ತದೆ. ಕನ್ನಗಳವಿನ ವಿಮೆಯನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು.

ಕಾಲೊರಸಿನ ಕೆಳಗಿನ ಕೀ ದುಬಾರಿಯಾಗುವುದು ಇಲ್ಲಿ. ಭಾರತೀಯ ನ್ಯಾಯ ಸಂಹಿತೆ ಮನೆಗನ್ನವನ್ನು ಆರು ಬಗೆಗಳಲ್ಲಿ ವಿವರಿಸುತ್ತದೆ, ಆ ಆರರಲ್ಲಿ ಬೀಗ ತೆರೆದು ನುಗ್ಗುವುದೂ ಒಂದು. ಹಿಂದಿನ ದಂಡ ಸಂಹಿತೆಯಲ್ಲೂ 1860ರಿಂದ ಇದೇ ವಿವರಣೆ ಇತ್ತು. ವಾಸದ ಮನೆಯಲ್ಲಿ ಕಳವು ಮಾಡಿದವನಿಗೆ ನ್ಯಾಯ ಸಂಹಿತೆಯ 305ನೇ ಕಲಮಿನಡಿ ಏಳು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ಆದರೆ ವಿಮಾ ಪಾಲಿಸಿಯ ಭಾಷೆ ಬೇರೆ. ಅದು ಸಾಮಾನ್ಯವಾಗಿ ಬಲಪ್ರಯೋಗದಿಂದ ಒಳನುಗ್ಗಿದ್ದಕ್ಕೆ ಗುರುತು ಕೇಳುತ್ತದೆ. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ, ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರ ಸಿಗದು ಎಂದು ಹರ್‌ಚಂದ್ ರಾಯ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಬಚ್ಚಿಟ್ಟ ಕೀಯಿಂದಲೋ ಹಿಂದಿನ ಬಾಡಿಗೆದಾರರ ಕಾಲದ ನಕಲಿನಿಂದಲೋ ಬಾಗಿಲು ತೆರೆದವನು ಒಂದು ಗೀರೂ ಉಳಿಸಿ ಹೋಗುವುದಿಲ್ಲ. ಪೊಲೀಸರ ಕಡತದಲ್ಲಿ ಅದು ಕನ್ನಗಳವು, ವಿಮಾ ಕಂಪನಿಯ ಕಡತದಲ್ಲಿ ಶೂನ್ಯ.

ಕಳವಾದ ಮನೆಯ ಬಾಗಿಲು ತೆರೆದಿರುವುದು ಕಂಡಾಗ ಒಳಗೆ ಹೋಗಬಾರದು, ಕಳ್ಳ ಇನ್ನೂ ಅಲ್ಲೇ ಇರಬಹುದು. 112ಕ್ಕೆ ಕರೆ ಮಾಡಿದರೆ ಬೆಂಗಳೂರಿನಲ್ಲಿ ಪೊಲೀಸರ ಹೊಯ್ಸಳ ವಾಹನ ಬರುತ್ತದೆ. ಬೆರಳಚ್ಚು ತಜ್ಞರು ನೋಡುವ ತನಕ ಬೀರು, ಬೀಗ, ಚೆಲ್ಲಾಡಿದ ಬಟ್ಟೆ ಏನನ್ನೂ ಮುಟ್ಟದಿರುವುದು ಲೇಸು. ಮನೆ ಒಪ್ಪ ಮಾಡುವ ಆತುರದಲ್ಲಿ ಸಾಕ್ಷ್ಯ ಒರೆಸಿಹೋಗುತ್ತದೆ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತವಾಗಿ ಸಿಗಬೇಕು. ಊರಿನಲ್ಲಿದ್ದು ಆನ್‌ಲೈನಿನಲ್ಲಿ ದೂರು ಕಳಿಸಿದವರು ಮೂರು ದಿನಗಳೊಳಗೆ ಅದಕ್ಕೆ ಸಹಿ ಮಾಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಒಡವೆ, ಲ್ಯಾಪ್‌ಟಾಪ್‌ಗಳ ಫೋಟೊ, ಬಿಲ್ಲು, ಸೀರಿಯಲ್ ನಂಬರು ಮೊದಲೇ ಒಂದೆಡೆ ಇದ್ದರೆ ಠಾಣೆಯಲ್ಲೂ ವಿಮಾ ಕಚೇರಿಯಲ್ಲೂ ಮಾತು ಕಡಿಮೆಯಾಗುತ್ತದೆ.

ಮನೆ ಬಿಡುವ ವಾರ ಇದೆಲ್ಲ ತಿರುಗುಮುರುಗು. ಕ್ಯಾಮೆರಾ ಬಿಚ್ಚಿ ಪೀಪ್‌ಹೋಲ್ ಗಾಜನ್ನು ಮತ್ತೆ ಕೂರಿಸಬೇಕು, ಸೆನ್ಸರಿನ ಟೇಪನ್ನು ಹೇರ್ ಡ್ರೈಯರಿನ ಬಿಸಿ ತಾಗಿಸಿ ನಿಧಾನವಾಗಿ ಎಳೆದರೆ ಬಣ್ಣ ಕಿತ್ತು ಬರುವುದಿಲ್ಲ. ಗೇಟಿನ ಆ್ಯಪ್‌ನಿಂದ ಮನೆಮಂದಿಯ ಹೆಸರು ತೆಗೆಸಬೇಕು. ಡಿಜಿಟಲ್ ಲಾಕ್ ಇದ್ದರೆ ಬೆರಳಚ್ಚುಗಳನ್ನೆಲ್ಲ ಅಳಿಸಬೇಕು. ಹಳೆಯ ಸಿಲಿಂಡರನ್ನು ಡಬ್ಬಿಯಿಂದ ತೆಗೆದು ಜಾಗದಲ್ಲಿ ಕೂರಿಸಿ, ಕೀಗಳನ್ನು ಎಣಿಸಿ ಮಾಲೀಕರ ಕೈಗಿತ್ತು, ಎಷ್ಟು ಕೊಟ್ಟದ್ದು ಎಂದು ಬರೆಸಿಕೊಳ್ಳಬೇಕು. ಬಿಚ್ಚಿದ ಸಿಲಿಂಡರ್ ಬಾಡಿಗೆದಾರರ ಪೆಟ್ಟಿಗೆ ಸೇರುತ್ತದೆ. ಮುಂದಿನ ಮನೆಯ ಬಾಗಿಲಿನ ದಪ್ಪವೂ ಅಷ್ಟೇ ಇದ್ದರೆ ಅಲ್ಲಿ ಮೊದಲ ದಿನವೇ ಅದು ಕೆಲಸಕ್ಕೆ ಬರುತ್ತದೆ.